ಅನ್ನ ಸಿಕ್ಕದ ಹೋಟೆಲು

ಟಿಶ್ಯೂ ಪೇಪರಿನ ಒಂದು ಚೂರು ಹರಿದು ಒಲೆಯ ಮೇಲೆ ಹೊಗೆ ಎಳೆಯುವ ಹುಡ್ಡಿನ ಅಂಚಿಗೆ ಹಿಡಿದರೆ ಅದು ಒಳಕ್ಕೆ ಬಾಗಬೇಕು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಆ ದಿನ ಚೂರು ಬಾಗಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನ ಹಗ್ಗದ ಮೇಲೆ ಒಣಹಾಕಿದ ಕರವಸ್ತ್ರದ ಹಾಗೆ ಸುಮ್ಮನೆ ನೇತಾಡಿತು. ಉದ್ಘಾಟನೆಗೆ ಒಂಬತ್ತು ದಿನ ಉಳಿದಿತ್ತು.

ನಾನು ಹೋಟೆಲ್ ಅಡುಗೆಮನೆಗಳ ಒಲೆ, ಗ್ಯಾಸ್ ಪೈಪು, ಹೊಗೆ ಕೊಳವೆ ಇವನ್ನೆಲ್ಲ ಕೂರಿಸಿ ಚಾಲೂ ಮಾಡಿಕೊಡುವ ಎಂಜಿನಿಯರ್. ಜಕಾರ್ತಾಕ್ಕೆ ಬಂದು ಆರು ವರ್ಷ ದಾಟಿತು. 2024ರಲ್ಲಿ ದಕ್ಷಿಣ ಜಕಾರ್ತಾದ ಒಂದು ಮಾಲಿನಲ್ಲಿ, ದನದ ಮಾಂಸದ ದಪ್ಪ ತುಂಡು ಸುಟ್ಟು ಬಡಿಸುವ ಅಮೆರಿಕದ ಸ್ಟೀಕ್‌ಹೌಸ್ ಚೈನೊಂದು ಅಂಗಡಿ ತೆರೆಯಿತು. ಅದರ ಅಡುಗೆಮನೆ ನನ್ನ ಪಾಲಿಗೆ ಬಂತು. ಹೆಸರು ಹೇಳುವುದಿಲ್ಲ, ಕೊನೆಯ ಕಂತಿನ ಬಿಲ್ಲು ಇನ್ನೂ ಅವರ ಮೇಜಿನ ಮೇಲಿದೆ.

ನಮ್ಮದು ಹೋಟೆಲಿನವರ ಮನೆ. ಅಪ್ಪಯ್ಯ ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಗಲ್ಲೆಯ ಮೇಲೆ ಕೂತವರು. ಫೋನಿನಲ್ಲಿ ಹೊಸ ಕೆಲಸದ ವಿಷಯ ಹೇಳಿದೆ.

"ಎಂತ ಹೋಟ್ಲ್ ಮಗಾ ಅದ್?"

"ಅಮೆರಿಕದವರದ್ದ್, ಅಪ್ಪಯ್ಯ."

"ಅನ್ನ ಸಿಕ್ಕತ್ತಾ?"

"ಇಲ್ಲೆ."

"ಹಂಗಾರೆ ಅದ್ ಊಟ ಹ್ಯಾಂಗ್ ಆತ್ತ್?"

ಮಾಂಸದ ಮಾತು ಬರುವ ಮೊದಲೇ ಅಲ್ಲಿಗೆ ಮುಗಿಯಿತು. ನಾನೂ ಎಳೆದು ಹೇಳಲಿಲ್ಲ. ಮೀನು ತಿನ್ನುವವರು ನಾವು, ಕೋಳಿಗೂ ತಕರಾರಿಲ್ಲ. ಆದರೆ ನಾನು ಬೆಂಕಿ ಹೊತ್ತಿಸಿಕೊಟ್ಟ ಆ ಒಲೆಯಲ್ಲಿ ಬೇಯುವುದು ಏನು ಎಂದು ಅಪ್ಪಯ್ಯನಿಗೆ ವಿವರಿಸುವ ಧೈರ್ಯ ಇನ್ನೂ ಬಂದಿಲ್ಲ.

ಆ ಒಲೆಯ ಬಗ್ಗೆ ಹೇಳಲೇಬೇಕು. ಬ್ರಾಯ್ಲರ್ ಎನ್ನುತ್ತಾರೆ. ದೋಸೆ ಕಲ್ಲಿಗೆ ಬೆಂಕಿ ಕೆಳಗಿಂದ. ಇಲ್ಲಿ ಬೆಂಕಿ ಮೇಲಿಂದ. ತಲೆ ಮೇಲೆ ಸೆರಾಮಿಕ್ ಹಂಚುಗಳ ಸಾಲು, ಅದರ ಸಣ್ಣ ಸಣ್ಣ ತೂತುಗಳಿಂದ ಗ್ಯಾಸ್ ಉರಿದು ಹಂಚೇ ಕೆಂಪಾಗುತ್ತದೆ. ಕೈಪಿಡಿಯಲ್ಲಿ 1,800 ಫ್ಯಾರನ್‌ಹೀಟ್ ಎಂದಿತ್ತು, ಎಂದರೆ 982 ಡಿಗ್ರಿ ಸೆಲ್ಸಿಯಸ್. ಬೆಳ್ಳಿ ಕರಗುವುದು 962ರಲ್ಲಿ. ನನ್ನ ಬೆರಳಿನಲ್ಲಿ ಅಮ್ಮ ಹಾಕಿಸಿದ ಬೆಳ್ಳಿ ಉಂಗುರವಿದೆ. ಆ ಅಂಕಿ ನೆನಪಾದ ದಿನದಿಂದ ಬ್ರಾಯ್ಲರ್ ಹತ್ತಿರ ಹೋಗುವ ಮುಂಚೆ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಉಂಗುರ ಕರಗುವ ಮೊದಲು ಬೆರಳು ಉಳಿದಿರುವುದಿಲ್ಲ ಎನ್ನುವುದು ಬೇರೆ ವಿಷಯ.

ಮಾಂಸದ ಕೊಬ್ಬು ಆ ಕಾವಿಗೆ ತಾಗಿದ ಕೂಡಲೇ ಒಂದು ಸದ್ದು ಬರುತ್ತದೆ. ಬಿಸಿ ಕಲ್ಲಿನ ಮೇಲೆ ಹಿಡಿಸೂಡಿಯಿಂದ ನೀರು ಚಿಮುಕಿಸಿದಾಗ ಬರುವ ಚುಂಯ್ ಇದೆಯಲ್ಲ, ಅದೇ ಜಾತಿಯ ಸದ್ದು, ಸ್ವಲ್ಪ ದಪ್ಪ. ದೋಸೆ ಭಟ್ಟರು ಕಲ್ಲಿನ ಕಾವನ್ನು ಆ ಸದ್ದಿನಲ್ಲೇ ಅಳೆಯುತ್ತಿದ್ದರು. ಇಲ್ಲೂ ಹಾಗೇ: ಅಮೆರಿಕದಿಂದ ಬಂದಿದ್ದ ತರಬೇತಿ ತಂಡದ ಮುಖ್ಯಸ್ಥ, ಆರೂವರೆ ಅಡಿ ಎತ್ತರದ ಮನುಷ್ಯ, ಬ್ರಾಯ್ಲರ್ ಕಡೆ ಬೆನ್ನು ಹಾಕಿ ನಿಂತೇ "ಎಡಗಡೆಯದು ಕಾದಿಲ್ಲ" ಎನ್ನುತ್ತಿದ್ದ. ಮೀಟರ್ ಹಿಡಿದು ನೋಡಿದರೆ ಹೌದು, ಎಡಗಡೆಯ ಒಂದು ಬರ್ನರ್ ಮಂದ. ಆ ಕ್ಷಣದಿಂದ ಆತನ ಮೇಲೆ ಗೌರವ ಹುಟ್ಟಿತು.

ಈಗ ಟಿಶ್ಯೂ ಚೂರಿನ ಕಥೆ. ಹೊಗೆ ಎಳೆಯುವ ಫ್ಯಾನು ಅಮೆರಿಕದಿಂದ ಬಂದಿತ್ತು. ಅಲ್ಲಿನ ಕರೆಂಟು ಸೆಕೆಂಡಿಗೆ 60 ಆವರ್ತನದ್ದು, ಇಂಡೋನೇಷ್ಯಾದ್ದು 50. ಮೋಟಾರಿನ ವೇಗ ಆವರ್ತನದ ಹಿಂದೆಯೇ ನಡೆಯುವುದರಿಂದ ನಿಮಿಷಕ್ಕೆ 1,750 ಸುತ್ತು ಸುತ್ತಬೇಕಾದದ್ದು ಇಲ್ಲಿ ಸುಮಾರು 1,450ಕ್ಕೆ ನಿಂತಿತು. ಗಾಳಿ ಆರರಲ್ಲಿ ಒಂದು ಪಾಲು ಕಡಿಮೆ. ಅದಕ್ಕಿಂತ ಕೆಟ್ಟದ್ದು, ಎಳೆಯುವ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ, ಅಲ್ಲಿ ಮೂವತ್ತು ಪರ್ಸೆಂಟ್ ಹೋಯಿತು. ಹೊಗೆ ಹುಡ್ಡಿನೊಳಗೆ ಹೋಗುವ ಬದಲು ಅಂಚಿನಿಂದ ಹೊರಳಿ ಊಟದ ಹಾಲಿಗೆ ಹೊರಡುತ್ತಿತ್ತು. ಆರ್ಡರಿನ ಕಾಗದ ತೆಗೆದು ನೋಡಿದೆ. ಕೆಳಗೆ ಸಹಿ ನನ್ನದೇ.

ಇಂಥ ಹೊತ್ತಿನಲ್ಲಿ ಜಕಾರ್ತಾದವರು ಹೋಗುವ ಜಾಗ ಗ್ಲೋಡೋಕ್. ಹಳೆಯ ಚೀನೀ ಪೇಟೆ. ಅಲ್ಲಿ ಎಲ್‌ಟಿಸಿ ಎನ್ನುವ ಕಟ್ಟಡದ ತುಂಬ ಬೋಲ್ಟು, ಬೇರಿಂಗು, ಪಂಪು, ಬೆಲ್ಟು, ಚೈನುಗಳ ಅಂಗಡಿಗಳು. ಬೆಂಗಳೂರಿನ ಎಸ್‌ಪಿ ರೋಡನ್ನು ಮಡಚಿ ಒಂದೇ ಮಾಳಿಗೆಯೊಳಗೆ ತುಂಬಿದ ಹಾಗೆ. ಫ್ಯಾನು ಬೆಲ್ಟಿನದ್ದು, ನನ್ನ ಪುಣ್ಯ. ಮೋಟಾರಿನ ಪುಲ್ಲಿ 6 ಇಂಚಿನದು ಇತ್ತು, 7.2 ಇಂಚಿನದು ಹಾಕಿದರೆ ಕಳೆದ ವೇಗ ವಾಪಸು ಬರುತ್ತದೆ. ಅಂಗಡಿಯ ಮುದುಕ ಕನ್ನಡಕ ಹಣೆಗೇರಿಸಿ "ಯಾವ ಮೆಷೀನಿಗೆ?" ಅಂದ. ಸ್ಟೀಕ್ ಹೋಟೆಲಿಗೆ ಎಂದೆ.

"ಓ, ಬಿಸ್ತಿಕ್," ಎಂದ.

ಡಚ್ಚರ ಬೀಫ್‌ಸ್ಟುಕ್ ಜಾವಾದ ನಾಲಿಗೆಯಲ್ಲಿ ತಿರುಗಿ ತಿರುಗಿ ಬಿಸ್ತಿಕ್ ಆಗಿದೆ. ಅಮೆರಿಕದವರು ಹೊಸದಾಗಿ ಏನೋ ತಂದರು ಎಂದುಕೊಂಡಿದ್ದ ನನಗೆ ಮುದುಕ ಸೆಲಾತ್ ಸೋಲೋ ತಿನ್ನಲು ಸೋಲೋ ಊರಿಗೆ ಹೋಗಿ ಬಾ ಎಂದ. ಕೆಚಾಪ್ ಮಾನಿಸ್ ಎಂಬ ಸಿಹಿ ಸೋಯಾ ರಸದ ತೆಳು ಸಾರಿನಲ್ಲಿ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಬೀನ್ಸ್, ಒಂದು ಬೇಯಿಸಿದ ಮೊಟ್ಟೆ. ಡಚ್ಚರ ತಟ್ಟೆಯ ಸ್ಟೀಕೂ ಸಲಾಡೂ ಜಾವಾದ ಬಟ್ಟಲಿಗೆ ಇಳಿದು ಸಾರಾದದ್ದು. ಯೋಗ್ಯಕರ್ತಾದಲ್ಲಿ 2000ದಲ್ಲಿ ಶುರುವಾದ ವಾರುಂಗ್ ಸ್ಟೀಕ್ ಎಂಬ ಇಲ್ಲಿನದೇ ಚೈನಿದೆ. ಮಾಂಸಕ್ಕೆ ಹಿಟ್ಟು ಸವರಿ ಕರಿದು, ಕಾದ ಕಬ್ಬಿಣದ ತಟ್ಟೆಯಲ್ಲಿ ಗ್ರೇವಿ ಸುರಿದು ಕೊಡುತ್ತಾರೆ. ಕಾಲೇಜು ಹುಡುಗರ ಜೇಬಿಗೆ ಎಟುಕುವ ಸ್ಟೀಕು. ನಮ್ಮ ಸಪ್ಲೈಯರ್ ಹುಡುಗರಲ್ಲಿ ಅರ್ಧಕ್ಕರ್ಧ ಜನ ಮೊದಲ ಸ್ಟೀಕ್ ತಿಂದದ್ದು ಅಲ್ಲಿಯೇ, ಯಾರದ್ದೋ ಹುಟ್ಟುಹಬ್ಬದ ದಿನ.

ಪುಲ್ಲಿ ಹಾಕಿದೆವು. ಕ್ಲ್ಯಾಂಪ್ ಮೀಟರಿನಲ್ಲಿ ಆಂಪಿಯರ್ ನೋಡಿದೆ, ಮಿತಿಯೊಳಗಿತ್ತು. ಟಿಶ್ಯೂ ಚೂರು ಪಟ್ಟನೆ ಒಳಕ್ಕೆ ಬಾಗಿತು. ಸಂಜೆ ನೆಮ್ಮದಿಯಿಂದ ಮೆಟ್ರೋ ಹಿಡಿದು ಬ್ಲೋಕ್ ಎಮ್‌ನ ರೂಮಿಗೆ ಹೋದೆ. ಬೆಳಿಗ್ಗೆ ನೋಡಿದರೆ ಹೋಟೆಲಿನ ಮುಂಬಾಗಿಲು ತೆರೆಯುತ್ತಿಲ್ಲ! ಇಬ್ಬರು ಹಿಡಿದು ಎಳೆದರೆ ಊಂ ಎಂದು ಶಂಖ ಊದಿದ ಹಾಗೆ ಸದ್ದು ಮಾಡಿ ಬಿಟ್ಟುಕೊಡುತ್ತದೆ, ಕೈಬಿಟ್ಟರೆ ಧಡ್ ಎಂದು ಮುಚ್ಚಿಕೊಳ್ಳುತ್ತದೆ. ಹೊಗೆ ಎಳೆಯುವ ಫ್ಯಾನು ಸರಿಯಾಗಿತ್ತು. ಹೊರಗಿನ ಗಾಳಿಯನ್ನು ಒಳಗೆ ತುಂಬುವ ಇನ್ನೊಂದು ಫ್ಯಾನೂ ಅದೇ ಆರ್ಡರಿನದು, ಅದಿನ್ನೂ ಕುಂಟುತ್ತಿತ್ತು. ಹೋಟೆಲು ಒಳಗಿಂದ ಉಸಿರು ಕಟ್ಟಿಕೊಂಡು ಬಾಗಿಲನ್ನು ಹೀರಿ ಹಿಡಿದಿತ್ತು. ಮತ್ತೆ ಗ್ಲೋಡೋಕ್, ಮತ್ತೆ ಅದೇ ಮುದುಕ. "ಬಿಸ್ತಿಕ್ ಬೆಂದಿತಾ?" ಎಂದ.

ಅದಕ್ಕೆ ಉತ್ತರವಾಗಿ ಇಲ್ಲಿನವರ ಹತ್ತಿರ ಒಂದು ಚಂದದ ಮಾತಿದೆ. ಬೆಲುಮ್. ಇಲ್ಲ ಅಂತಲ್ಲ, ಇನ್ನೂ ಇಲ್ಲ ಅಂತ. ಮದುವೆಯಾಗಿದೆಯಾ ಎಂದು ಅರವತ್ತರ ಬ್ರಹ್ಮಚಾರಿಯನ್ನು ಕೇಳಿದರೂ ಬೆಲುಮ್ ಎನ್ನುತ್ತಾನೆ. ತರಬೇತಿಗೆ ಬಂದ ಅಮೆರಿಕದವರಿಗೆ ಮೊದಲ ವಾರ ಈ ಪದ ತಲೆನೋವು, ಎರಡನೇ ವಾರ ಅವರೇ ಬಳಸತೊಡಗಿದರು.

ನನ್ನ ಜೊತೆ ಕೊಳವೆ ಕೆಲಸಕ್ಕೆ ಇದ್ದ ತಗಡಿನ ಮೇಸ್ತ್ರಿ ಮಧ್ಯ ಜಾವಾದ ಕುದುಸ್ ಊರಿನವನು. ನಾನು ಅವನನ್ನು ಮಾಸ್ ಎನ್ನುತ್ತೇನೆ, ಅಣ್ಣ ಎಂದ ಹಾಗೆ. ಅವನು ನನ್ನನ್ನು ಪಾಕ್ ಎನ್ನುತ್ತಾನೆ, ಸ್ವಲ್ಪ ಯಜಮಾನರೇ ಎಂದ ಹಾಗೆ. ಸಿಬ್ಬಂದಿಗೆ ರುಚಿ ತೋರಿಸುವ ದಿನ ಮೆನುವಿನ ಒಂದೊಂದು ಐಟಂ ಬಿಸಿ ತಟ್ಟೆಯಲ್ಲಿ ಬಂತು, ಮೂವತ್ತು ಜನ ಫೋರ್ಕ್ ಹಿಡಿದು ಸುತ್ತ ನಿಂತರು. ನಾನು ಮೆಲ್ಲನೆ ಹಿಂದಿನ ಬಾಗಿಲಿಗೆ ಸರಿದೆ. ಅಲ್ಲಿ ಮಾಸ್ ಆಗಲೇ ಕೂತು ಲವಂಗದ ಸಿಗರೇಟು ಸೇದುತ್ತಿದ್ದ.

"ಪಾಕ್, ನೀವು ಹಿಂದೂ, ಗೊತ್ತು. ನಾನೂ ಸಾಪಿ ತಿನ್ನುವುದಿಲ್ಲ."

ಸಾಪಿ ಎಂದರೆ ಹಸು. ನೀನು ಮುಸಲ್ಮಾನನಲ್ಲವಾ ಮಾಸ್ ಎಂದೆ. ಕುದುಸಿನವನು ಎಂದ, ಅದೇ ಉತ್ತರ ಎಂಬಂತೆ.

ಉತ್ತರ ಅದೇ ಆಗಿತ್ತು. ಹದಿನಾರನೇ ಶತಮಾನದಲ್ಲಿ ಅಲ್ಲಿ ಇಸ್ಲಾಂ ಬೋಧಿಸಿದ ಸುನಾನ್ ಕುದುಸ್, ಜಾವಾದ ಒಂಬತ್ತು ವಲಿಗಳಲ್ಲಿ, ಎಂದರೆ ಸಂತರಲ್ಲಿ, ಒಬ್ಬರು, ಊರಿನ ಹಿಂದೂಗಳ ಮನಸ್ಸು ನೋಯದಿರಲಿ ಎಂದು ಹಸು ಕಡಿಯಬೇಡಿ ಎಂದರಂತೆ. ಊರು ಈಗ ಹೆಚ್ಚುಕಡಿಮೆ ಪೂರ್ತಿ ಮುಸಲ್ಮಾನರದ್ದು, ಮಾತು ಮಾತ್ರ ಉಳಿದಿದೆ. ಬಕ್ರೀದಿಗೂ ಅಲ್ಲಿ ಕೊಡುವುದು ಕೋಣ. ಊರಿನ ಹೆಸರಾಂತ ಸೋತೋ ಸಾರಿಗೂ ಕಡ್ಡಿಗೆ ಚುಚ್ಚಿ ಸುಡುವ ಸಾತೆಗೂ ಕೆರ್ಬಾವ್, ಎಂದರೆ ಎಮ್ಮೆ-ಕೋಣದ ಮಾಂಸ. ಆ ಮಸೀದಿಯ ಮಿನಾರದ ಫೋಟೋ ತೋರಿಸಿದ, ಕೆಂಪು ಇಟ್ಟಿಗೆಯದು, ದೇವಸ್ಥಾನದ ಗೋಪುರವನ್ನು ಯಾರೋ ಎತ್ತಿ ತಂದು ಇಟ್ಟ ಹಾಗೆ. ಜಕಾರ್ತಾದಲ್ಲಿ ತಿಂದರೆ ಯಾರು ಕೇಳುತ್ತಾರೆ ಮಾಸ್ ಎಂದೆ. "ಯಾರೂ ಕೇಳುವುದಿಲ್ಲ ಪಾಕ್. ಅಜ್ಜಿ ತಿನ್ನುತ್ತಿರಲಿಲ್ಲ, ಅಷ್ಟೇ." ಒಳಗೆ ಮೂವತ್ತು ಫೋರ್ಕುಗಳ ಸದ್ದು. ಸ್ಟೀಕ್ ಹೋಟೆಲಿಗೆ ಹೊಗೆ ದಾರಿ ಮಾಡಿಕೊಟ್ಟ ಇಬ್ಬರೂ ಹಿಂದಿನ ಬಾಗಿಲಲ್ಲಿ ಕೂತು ಕಡಲೆಕಾಯಿ ತಿಂದೆವು.

(ಜಕಾರ್ತಾದ ಸಂತೆಗಳಲ್ಲಿ ಭಾರತದ ಎಮ್ಮೆ ಮಾಂಸವೂ ಸಿಗುತ್ತದೆ. 2016ರಿಂದ ಇಂಡೋನೇಷ್ಯಾ ಸರ್ಕಾರ ಬೆಲೆ ಇಳಿಸಲೆಂದು ತರಿಸುತ್ತಿದೆ, ರಂಜಾನ್ ಹತ್ತಿರ ಬಂದಾಗ ಅದರದ್ದೇ ಮಾತು. ನಮ್ಮ ಸ್ಟೀಕ್ ಹೋಟೆಲಿನ ಮೆನುವಿಗೆ ಅದು ಹತ್ತುವುದಿಲ್ಲ. ಅಲ್ಲಿಗೆ ಅಮೆರಿಕದ ಪ್ರೈಮ್ ದರ್ಜೆಯದೇ ಬೇಕು.)

ಹಲಾಲ್ ವಿಷಯದಲ್ಲಿ ತಿಂಗಳುಗಟ್ಟಲೆ ಮೀಟಿಂಗು ನಡೆದವು. 2014ರ 33ನೇ ಕಾನೂನಿನ ಪ್ರಕಾರ ಆಹಾರದ ಮಧ್ಯಮ, ದೊಡ್ಡ ವ್ಯಾಪಾರಗಳಿಗೆಲ್ಲ ಹಲಾಲ್ ಸರ್ಟಿಫಿಕೇಟ್ ಪಡೆಯಲು 2024ರ ಅಕ್ಟೋಬರ್ 17 ಗಡುವಾಗಿತ್ತು. ಸರ್ಟಿಫಿಕೇಟ್ ಕೊಡುವ ಸರ್ಕಾರಿ ಸಂಸ್ಥೆಯ ನೇರಳೆ ಬಣ್ಣದ ಲೋಗೋ ನೀವು ನೋಡಬೇಕು, ತೊಗಲುಗೊಂಬೆ ಆಟದ ಗುನುಂಗನ್ ಎಂಬ ಬೆಟ್ಟದ ಆಕಾರ. ಮಾಂಸ ಹಲಾಲ್ ಪದ್ಧತಿಯಲ್ಲೇ ಕಡಿದದ್ದು, ಹಾಗಿಲ್ಲದೆ ಈ ದೇಶದ ಬಂದರೊಳಗೆ ಬರುವುದು ಕಷ್ಟ. ಹಂದಿಯ ಬೇಕನ್ನನ್ನು ಮೆನುವಿನಿಂದ ತೆಗೆದದ್ದೂ ಆಯಿತು. ತೊಡಕಾದದ್ದು ವೈನು. ವೈನಿಲ್ಲದ ಸ್ಟೀಕ್‌ಹೌಸೇ ಎಂದು ಅಮೆರಿಕದ ಆಫೀಸು ಹಟ ಹಿಡಿಯಿತು, ಸಾಸಿನಲ್ಲೂ ವೈನು. ಕೊನೆಗೆ ನೇರಳೆ ಬೆಟ್ಟದ ಆಸೆ ಬಿಟ್ಟರು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ರಕ್ತದ ತಕರಾರು. ಪ್ರಯೋಗದ ಊಟಕ್ಕೆ ಕರೆದಿದ್ದ ಅತಿಥಿಗಳ ಚೀಟಿಗಳಲ್ಲಿ ಸಾಲಾಗಿ ವೆಲ್ ಡನ್, ವೆಲ್ ಡನ್. ಎರಡು ಇಂಚು ದಪ್ಪದ ತುಂಡು ಪೂರ್ತಿ ಬೇಯುವಷ್ಟರಲ್ಲಿ ಬ್ರಾಯ್ಲರ್ ಮುಂದೆ ಟ್ರಾಫಿಕ್ ಜಾಮ್. ತರಬೇತಿಯ ದೈತ್ಯ ತಲೆ ಚಚ್ಚಿಕೊಂಡ. ಮೀಡಿಯಮ್ ರೇರ್ ಎಂದರೆ ಒಳಗೆ 55 ಡಿಗ್ರಿ ಆಸುಪಾಸು, ಕೆಂಪು ರಸ ಬರಲೇಬೇಕು, ಅದೇ ಅದರ ಹೆಮ್ಮೆ. ಟೇಬಲ್ಲಿನವರಿಗೆ ಅದು ದಾರಹ್, ರಕ್ತ. ಹರಿದು ಬರುವ ರಕ್ತ ಇಸ್ಲಾಮಿನಲ್ಲಿ ನಿಷಿದ್ಧ. ನಿಜಕ್ಕೂ ಅದು ರಕ್ತವಲ್ಲ, ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನು ಬೆರೆತ ನೀರು. ರಕ್ತ ಕಡಿಯುವಾಗಲೇ ಬಸಿದು ಹೋಗಿರುತ್ತದೆ. ಹುಡುಗರಿಗೆ ಇದನ್ನು ಬಾಯಿಪಾಠ ಮಾಡಿಸಿದರು. ಒಬ್ಬ ಹುಡುಗಿ ಬಹಳ ಚೆನ್ನಾಗಿ ಕಲಿತಳು. ಒಬ್ಬ ಅಜ್ಜಿಯ ಟೇಬಲ್ಲಿಗೆ ಹೋಗಿ ನಗುನಗುತ್ತ ಮಯೋಗ್ಲೋಬಿನ್ ಪಾಠ ಪೂರ್ತಿ ಒಪ್ಪಿಸಿದಳು. ಅಜ್ಜಿ ಪೂರ್ತಿ ಕೇಳಿ, ಜಾಣೆ ಎಂದು ಕೈ ಸವರಿ, "ಈಗ ಇದನ್ನು ಇನ್ನಷ್ಟು ಬೇಯಿಸಿಕೊಂಡು ಬಾ ಮಗಳೇ" ಎಂದರು.

ಬೆಲೆ: ರಿಬ್‌ಐ ಎಂಬ ಪಕ್ಕೆಯ ಭಾಗದ ಒಂದು ಸ್ಟೀಕಿಗೆ ಹನ್ನೆರಡೂವರೆ ಲಕ್ಷ ರುಪಿಯಾ, ಮೇಲೆ ಹತ್ತು ಪರ್ಸೆಂಟ್ ಹೋಟೆಲ್ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ. ಆ ವರ್ಷ ಜಕಾರ್ತಾದ ಕನಿಷ್ಠ ವೇತನ ತಿಂಗಳಿಗೆ 50,67,381 ರುಪಿಯಾ. ಬೆಕಾಸಿಯಿಂದ ದಿನಾ ರೈಲಿನಲ್ಲಿ ಬರುವ ಸಪ್ಲೈಯರ್ ಹುಡುಗನೊಬ್ಬ ಮೆನು ಕಾರ್ಡ್ ಒರೆಸುತ್ತ "ಒಂದು ಪ್ಲೇಟು, ನನ್ನ ಒಂದು ವಾರ" ಎಂದ. ದೂರುವ ದನಿ ಇರಲಿಲ್ಲ. ಲೆಕ್ಕ ಸರಿಯಿದೆಯಾ ನೋಡಿ ಎಂದು ಕೇಳಿದ ಹಾಗಿತ್ತು. ಸರಿಯಿತ್ತು.

ರಾತ್ರಿ ಗ್ಯಾಸ್ ಲೀಕ್ ಪರೀಕ್ಷೆಗೆ ಕಾಯುತ್ತ ಈ ಚೈನುಗಳ ಚರಿತ್ರೆ ಓದಿಕೊಂಡೆ. ಟೆಕ್ಸಾಸ್ ಹೆಸರಿಟ್ಟುಕೊಂಡ ಟೆಕ್ಸಾಸ್ ರೋಡ್‌ಹೌಸ್ 1993ರಲ್ಲಿ ಹುಟ್ಟಿದ್ದು ಇಂಡಿಯಾನಾದಲ್ಲಿ. ಆಸ್ಟ್ರೇಲಿಯಾದ ವೇಷ ಹಾಕಿದ ಔಟ್‌ಬ್ಯಾಕ್ 1988ರಲ್ಲಿ ಹುಟ್ಟಿದ್ದು ಫ್ಲೋರಿಡಾದಲ್ಲಿ. ಉಡುಪಿಯ ಮುಖವನ್ನೇ ನೋಡದವರು ಉಡುಪಿ ಬೋರ್ಡು ಹಾಕುವುದನ್ನು ಕಂಡ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ರೂತ್ ಫರ್ಟೆಲ್ ಎಂಬ ನ್ಯೂ ಆರ್ಲಿಯನ್ಸಿನ ಹೆಂಗಸಿನ ಕಥೆ ಮಾತ್ರ ಹಿಡಿಸಿತು. 1965ರಲ್ಲಿ ಮನೆ ಅಡವಿಟ್ಟು ಕ್ರಿಸ್ ಸ್ಟೀಕ್ ಹೌಸ್ ಕೊಂಡರು. 1976ರಲ್ಲಿ ಅದು ಸುಟ್ಟುಹೋಯಿತು. ಹೊಸ ಜಾಗಕ್ಕೆ ಹೋದರೆ ಹಳೆಯ ಹೆಸರು ಬಳಸುವಂತಿಲ್ಲ ಎಂದು ಕರಾರಿನಲ್ಲಿತ್ತು. ಹಳೆಯ ಹೆಸರಿಗೆ ಮೊದಲು ತನ್ನ ಹೆಸರು ಅಂಟಿಸಿ ರೂತ್ಸ್ ಕ್ರಿಸ್ ಮಾಡಿಕೊಂಡರು. ಅಣ್ಣತಮ್ಮಂದಿರು ಪಾಲಾದಾಗ ಒಬ್ಬ ಬೋರ್ಡಿಗೆ 'ನ್ಯೂ' ಸೇರಿಸುವ ನಮ್ಮ ಕ್ರಮ ನೆನಪಾಯಿತು.

ಉದ್ಘಾಟನೆಯ ಬೆಳಿಗ್ಗೆ ರಿಬ್ಬನ್ನಿಗೆ ಮೊದಲು ತುಂಪೆಂಗ್ ಬಂತು. ಅರಿಶಿನದನ್ನವನ್ನು ಗೋಪುರದ ಹಾಗೆ ಚೂಪಾಗಿ ಒತ್ತಿ, ಸುತ್ತ ಪಲ್ಯ, ಮೊಟ್ಟೆ, ಕೋಳಿ, ಸೋಯಾ ಕಾಳಿನ ಟೆಂಪೆ ಇಟ್ಟು ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತರುತ್ತಾರೆ. ಮನೆಯಿರಲಿ ಬ್ಯಾಂಕಿರಲಿ, ಹೊಸದೇನೇ ಶುರುವಾದರೂ ಅದು ಇರಬೇಕು. ಅಮೃತಶಿಲೆಯ ಬಾರ್ ಕಟ್ಟೆಯ ಮೇಲೆ, ವಿಸ್ಕಿ ಬಾಟಲಿಗಳ ಸಾಲಿನ ಮುಂದೆ, ಹಳದಿ ಅನ್ನದ ಬೆಟ್ಟ. ಅನ್ನದ ಒಂದಗುಳೂ ಇಲ್ಲದ ಮೆನುವಿನ ಹೋಟೆಲಿನಲ್ಲಿ! ಅಡುಗೆಯವರಲ್ಲಿ ಹಿರಿಯನೊಬ್ಬ ದುವಾ ಓದಿದ. ಮ್ಯಾನೇಜರ್ ಬೆಟ್ಟದ ತುದಿ ಕತ್ತರಿಸಿ, ಅತಿ ಗೌರವದವರಿಗೆ ಕೊಡುವ ಆ ತುತ್ತನ್ನು ಅಮೆರಿಕದ ದೈತ್ಯನಿಗೆ ಕೊಟ್ಟಳು. ಆತ ಫೋರ್ಕ್ ಹುಡುಕಿ ಅತ್ತಿತ್ತ ನೋಡಿದ. ಮೂರು ವಾರದಿಂದ ಆತ ಎಣಿಸಿ ಎಣಿಸಿ ಜೋಡಿಸಿಟ್ಟ ಇನ್ನೂರು ಫೋರ್ಕುಗಳು ಟೇಬಲ್ಲುಗಳ ಮೇಲಿದ್ದವು, ಆತನ ಕೈಗೆ ಒಂದೂ ಇಲ್ಲ. ಕೈಯಲ್ಲೇ ತಿಂದ. ಮೀಸೆಗೆ ಅರಿಶಿನ ಹತ್ತಿತು, ಫೋಟೋಗಳಲ್ಲೆಲ್ಲ ಹಾಗೇ ಬಂದಿದೆ.

ಆ ಬುಟ್ಟಿ ಖಾಲಿಯಾಗಲು ಹತ್ತು ನಿಮಿಷ ಬೇಕಾಗಲಿಲ್ಲ. ಮಾಸ್ ಎರಡು ಸಲ ಹಾಕಿಸಿಕೊಂಡ, ನಾನು ಮೂರು.

ಅನ್ನ ತಿನ್ನದಿದ್ದರೆ ಊಟ ಮಾಡಿದ ಹಾಗಲ್ಲ ಎನ್ನುವ ಮಾತು ಇಂಡೋನೇಷ್ಯಾದಲ್ಲೂ ಇದೆ. ಮೊದಲ ವಾರ ಗಿರಾಕಿಗಳು ಕೇಳಿದರು, ಹುಡುಗರು ವಿನಯದಿಂದ ಬೆಲುಮ್ ಎಂದರು. ಜೊತೆಗೆ ಸಾಂಬಲ್ ಎಂಬ ಮೆಣಸಿನ ಚಟ್ನಿ ಕೇಳಿದರು, ಅದು ಎರಡನೇ ದಿನವೇ ಸಣ್ಣ ಪಿಂಗಾಣಿ ಬಟ್ಟಲಿನಲ್ಲಿ ಟೇಬಲ್ ಹತ್ತಿತು.

ಮೂರನೇ ವಾರ ನನಗೆ ಫೋನು. ರಾತ್ರಿ ಊಟದ ಹೊತ್ತಿಗೆ ಅಡುಗೆಮನೆಯ ಹೊಗೆ ಅಲಾರಾಂ ಬಡಿದುಕೊಳ್ಳುತ್ತಿದೆಯಂತೆ, ನಿನ್ನ ಫ್ಯಾನಿನದ್ದೇ ದೋಷವಂತೆ. ಓಡಿದೆ. ಟಿಶ್ಯೂ ಚೂರು ಹಿಡಿದೆ, ಚೆನ್ನಾಗಿ ಬಾಗಿತು. ಬ್ರಾಯ್ಲರ್ ಸರಿ, ಹುಡ್ಡು ಸರಿ. ಅರ್ಧ ಗಂಟೆ ಹುಡುಕಿದ ಮೇಲೆ ಸಲಾಡ್ ಕಟ್ಟೆಯ ಹಿಂದೆ, ಹುಡ್ಡಿನ ಅಂಚಿನಿಂದ ಎರಡು ಮೊಳ ಆಚೆ, ಸರಿಯಾಗಿ ಅಲಾರಾಮಿನ ಬುಡದಲ್ಲಿ, ಟವೆಲ್ಲು ಹೊದ್ದುಕೊಂಡು ಕೂತಿದ್ದ ಹತ್ತು ಲೀಟರಿನ ರೈಸ್ ಕುಕ್ಕರ್ ಕಣ್ಣಿಗೆ ಬಿತ್ತು. ಗುಳುಗುಳು ಎನ್ನುತ್ತ ಹಬೆ ಬಿಡುತ್ತಿತ್ತು.

"ಇದು ಡ್ರಾಯಿಂಗಿನಲ್ಲಿ ಇಲ್ಲವಲ್ಲ," ಎಂದೆ.

"ಬೆಲುಮ್, ಪಾಕ್," ಎಂದಳು ಮ್ಯಾನೇಜರ್.

ಮಾಸ್‌ನನ್ನು ಕರೆಸಿ ಹುಡ್ಡಿಗೆ ಎರಡು ಮೊಳ ತಗಡು ಸೇರಿಸಿದೆವು. ಡ್ರಾಯಿಂಗಿನ ಏಳನೇ ಆವೃತ್ತಿಯಲ್ಲಿ ಕುಕ್ಕರಿಗೊಂದು ಚೌಕ ಬರೆದೆ, ಪಕ್ಕದಲ್ಲಿ ಇನ್ನೊಂದಕ್ಕೂ ಜಾಗ ಬಿಟ್ಟೆ. ಭಾನುವಾರ ಅಪ್ಪಯ್ಯನಿಗೆ ಫೋನ್ ಮಾಡಿದಾಗ ಹೇಳಿದೆ, ಆ ಹೋಟೆಲಿನಲ್ಲಿ ಈಗ ಅನ್ನ ಸಿಕ್ಕುತ್ತದೆ, ಬಟ್ಟಲಿಗೆ 40,000 ರುಪಿಯಾ.

"ನಮ್ ದುಡ್ಡಂಗೆ?"

"ಇನ್ನೂರ್ ರೂಪಾಯಿ ಮೇಲೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಕೇಳಿದರು: "ಸಾರ್ ಕೊಡ್ತ್ರಾ?"